ಟೇಪಿನೊಳಗಿನ ಕೈ

ಸದರ್ ಬಜಾರಿನ ಕನ್ನಡಕದಂಗಡಿಗಳ ಸಾಲಿನಲ್ಲಿ ಹೋಗಿ ಸಿಬ್ತೈನ್ ರಿಜ್ವಿ ಯಾರು ಎಂದು ಕೇಳಿ ನೋಡಿ. "ಓ, ಗಾಜು ತಿಕ್ಕೋನಾ? ಮಾತಾಡಲ್ಲ ಬಿಡಿ ಆಸಾಮಿ. ಆದ್ರೆ ಅವನು ಕೂರಿಸಿಕೊಟ್ಟ ಕನ್ನಡಕ ಮೂಗು ಬಿಟ್ಟು ಅಲ್ಲಾಡಲ್ಲ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು ಅವನ ಚರಿತ್ರೆ. ಅದೇ ಸಾಲಿನ ಚಹಾದಂಗಡಿಯ ರೇಡಿಯೋದಲ್ಲಿ ದಿನಕ್ಕೊಮ್ಮೆಯಾದರೂ 'ನೀಲಿ ಸೈಕಲ್' ಹಾಡು ಬರುತ್ತದೆ. ಬಂದಾಗ ಚಹಾ ಸೋಸುವವನಿಂದ ಹಿಡಿದು ಟ್ರಾಫಿಕ್ ಪೊಲೀಸನವರೆಗೆ ಎಲ್ಲರ ಕಾಲೂ ತಾಳ ಹಾಕುತ್ತದೆ. ಆ ಡ್ರಮ್ ಬಾರಿಸಿದ ಕೈ ಹತ್ತು ಹೆಜ್ಜೆ ಆಚೆ ಗಾಜು ತಿಕ್ಕುತ್ತಿದೆ ಎಂದು ಆ ಬೀದಿಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಕ್ಯಾಸೆಟ್ಟಿನಲ್ಲಿ ಅಚ್ಚಾದದ್ದು ಬೇರೆಯವನ ಹೆಸರು, ಟೀವಿಯಲ್ಲಿ ಕಂಡದ್ದು ಬೇರೆಯವನ ಮುಖ.

ಶುರುವಾದದ್ದು ಗುಲ್ಶನ್ ಬಡಾವಣೆಯ ಒಂದು ಫ್ಲಾಟಿನ ತಾರಸಿಯಲ್ಲಿ. ಕಟ್ಟಡಕ್ಕೆ ನಾಲ್ಕೇ ಮಹಡಿ. ಮೇಲೆ ನೀರಿನ ಟ್ಯಾಂಕಿಗೆ ಅಂಟಿಕೊಂಡು ಒಂದು ಕೋಣೆ. ತಾಬಿಶ್ ಎಂಬ ಹುಡುಗನ ಚಿಕ್ಕಪ್ಪ ಅದರಲ್ಲಿ ಹಳೆಯ ಫ್ಯಾನು, ಮುರುಕು ಮಂಚ ತುಂಬಿಸಿಟ್ಟಿದ್ದ. ತಾಬಿಶ್ ಅದನ್ನೆಲ್ಲ ಹೊರಗೆಸೆದು, ಗಿಟಾರ್ ತಂದು, ಕಾಲೇಜಿನ ಮೂವರು ಗೆಳೆಯರನ್ನು ಸೇರಿಸಿ, ಇಲ್ಲದ ಮಹಡಿಯ ಹೆಸರನ್ನೇ ಬ್ಯಾಂಡಿಗೆ ಇಟ್ಟ: 'ಪಾಂಚ್ವೀ ಮಂಜಿಲ್', ಐದನೇ ಮಹಡಿ. ಹಾಡುವವನು ಅವನೇ, ಬರೆಯುವವನು ಅವನೇ, ಜಗಳ ತೆಗೆಯುವವನೂ ಅವನೇ. ಡ್ರಮ್ಮಿಗೆ ಸಿಬ್ತೈನ್. ಆಗ ಅವನಿಗೆ ಇಪ್ಪತ್ತು. ಕಡ್ಡಿಯಂಥ ಆಳು, ದಪ್ಪ ಗಾಜಿನ ಕನ್ನಡಕ. ಜೂನ್ ತಿಂಗಳ ಧಗೆಯಲ್ಲಿ ಕರೆಂಟು ಹೋಗಿ ಉಳಿದವರು ಅಂಗಿ ಬಿಚ್ಚಿ ಟ್ಯಾಂಕಿನ ನೆರಳಿಗೆ ಬಿದ್ದುಕೊಂಡರೆ ಇವನು ಒಳಗೆ ಒಬ್ಬನೇ ಬಾರಿಸುತ್ತಿದ್ದ. ಅವನ ತಾಳ ಎಳ್ಳಷ್ಟೂ ಹಿಂದೆ ಮುಂದೆ ಆಗುತ್ತಿರಲಿಲ್ಲ.

"ಸಿಬ್ತೈನ್, ಗಡಿಯಾರ ನುಂಗಿದ್ದೀಯೇನೋ?" ಎಂದು ತಾಬಿಶ್ ಹಂಗಿಸುತ್ತಿದ್ದ. ಹಂಗಿಸಿದರೂ ಆ ತಾಳವಿಲ್ಲದೆ ಅವನ ಗಂಟಲು ಏಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ತೊಂಬತ್ನಾಲ್ಕರ ಬೇಸಿಗೆಯಲ್ಲಿ 'ನೀಲಿ ಸೈಕಲ್' ಟೇಪಾಯಿತು. ನಾಲ್ಕೇ ದಿನದ ಕೆಲಸ. ಸ್ಟುಡಿಯೋದವನು ಕೇಳಿ, "ಹಾಡು ಹೇಗೋ ಏನೋ, ಈ ಡ್ರಮ್ಮು ಮಾತ್ರ ಮನುಷ್ಯರನ್ನ ಕೂರೋಕೆ ಬಿಡಲ್ಲ" ಎಂದ. ಆಮೇಲೆ ಟೀವಿಗೆ ಹಾಡಿನ ಚಿತ್ರ ತೆಗೆಯಬೇಕು. ಮನೋರಾ ದ್ವೀಪದ ಮರಳದಂಡೆ ಗೊತ್ತಾಯಿತು. ಕ್ಯಾಮೆರಾ, ಲಾರಿ, ನೀಲಿ ಬಣ್ಣ ಬಳಿದ ಹನ್ನೆರಡು ಸೈಕಲ್ಲು, ಎಲ್ಲ ಒಂದು ದಿನದ ಮಟ್ಟಿಗೆ ಸಿಕ್ಕವು. ದಿನ ಯಾವುದು ಎಂದಾಗ ಸಿಬ್ತೈನ್ ಬೆರಳು ಮಡಿಸಿದ. ಮೊಹರಂ ಹತ್ತಿರ ಬಂದಿತ್ತು. ಸಿಬ್ತೈನನ ಬಡಾವಣೆ ಅಂಚೋಲಿಯ ಶಿಯಾ ಮನೆಗಳಲ್ಲಿ ಮೊಹರಂ ಚಂದ್ರ ಕಂಡ ಗಳಿಗೆಯಿಂದ ಎರಡು ತಿಂಗಳು ಎಂಟು ದಿನ ಶೋಕದ ಕಪ್ಪು ಬಟ್ಟೆ. ಮದುವೆ ಇಲ್ಲ, ಹಾಡಿಲ್ಲ, ಟೀವಿಯ ಮೇಲೆ ಮುಸುಕು. ಸಿಬ್ತೈನ್ ನಮಾಜಿಗೆ ಚಕ್ಕರ್ ಹೊಡೆಯುವ ಹುಡುಗನೇ. ಆದರೆ ಆ ಅರವತ್ತೆಂಟು ದಿನ ಕೋಲು ಮುಟ್ಟಿದವನಲ್ಲ.

"ಚಂದ್ರನ ಲೆಕ್ಕದಲ್ಲಿ ಹಿಂದಿನ ತಿಂಗಳು ಇಪ್ಪತ್ತೊಂಬತ್ತಕ್ಕೇ ಮುಗ್ದಿದೆ. ಇದು ಮೂವತ್ತಕ್ಕೆ ಹೋಗೇ ಹೋಗುತ್ತೆ. ಮೂವತ್ತನೇ ದಿನ ಇಟ್ಕೋ, ಏನೂ ತೊಂದ್ರೆ ಇಲ್ಲ" ಎಂದು ಅವನೇ ಲೆಕ್ಕ ಹೇಳಿದ. ತಾಬಿಶ್ ಅದೇ ದಿನ ಗೊತ್ತು ಮಾಡಿದ.

ಇಪ್ಪತ್ತೊಂಬತ್ತರ ಸಂಜೆ ನಾಲ್ವರೂ ತಾರಸಿಯಲ್ಲಿ ನಿಂತು ಪಡುವಣ ನೋಡಿದರು. ಮೋಡವಿತ್ತು. ತಾಬಿಶ್ ಕುಣಿದಾಡಿದ. ಅಷ್ಟರಲ್ಲಿ ಸಮುದ್ರದ ಗಾಳಿ ಬಂದು ಮೋಡ ಒಂದು ಬೆರಳಷ್ಟು ಹರಿಯಿತು. ಅಲ್ಲೇ, ಸರಿಯಾಗಿ ಅಲ್ಲೇ, ಉಗುರು ಕತ್ತರಿಸಿ ಎಸೆದಂತೆ ಚಂದ್ರ. ಮೊದಲು ಕಂಡದ್ದು ದಪ್ಪ ಕನ್ನಡಕದವನಿಗೇ. ಅವನು ಕೈಲಿದ್ದ ಕೋಲನ್ನು ಕೆಳಗಿಟ್ಟ.

"ನಾನೇನೂ ನೋಡಿಲ್ಲ, ನೀನೂ ನೋಡಿಲ್ಲ" ಎಂದ ತಾಬಿಶ್.

"ನೋಡಿದ್ನಲ್ಲ."

"ಒಂದೇ ದಿನ ಮಾರಾಯ! ಅದೂ ಬಾರಿಸೋದೇನಿದೆ? ಟೇಪ್ ಹಾಕ್ತಾರೆ, ನೀನು ಸುಮ್ನೆ ಕೈ ಆಡಿಸು. ಸದ್ದೇ ಬರಲ್ಲ. ಸದ್ದಿಲ್ಲದ್ದು ಬಾರಿಸಿದ ಹಾಗಾ?"

ಸಿಬ್ತೈನ್ ಅದನ್ನು ನಿಜಕ್ಕೂ ಯೋಚಿಸಿದ. ಮನೆಗೆ ಹೋದಾಗ ತಾಯಿ ಆಗಲೇ ಕಪ್ಪುಟ್ಟು, ಅವನು ಅಭ್ಯಾಸಕ್ಕೆಂದು ಮನೆಯಲ್ಲಿಟ್ಟಿದ್ದ ಡ್ರಮ್ಮುಗಳನ್ನು ಬಿಳಿ ಹೊದಿಕೆಯಲ್ಲಿ ಗಂಟು ಕಟ್ಟುತ್ತಿದ್ದಳು. "ಅಮ್ಮೀ, ಸದ್ದಿಲ್ದೆ ಬಾರಿಸಿದ್ರೆ?" ಎಂದು ಕೇಳಿದ. ಅವಳು ಗಂಟು ಬಿಗಿಯುತ್ತಲೇ, "ನಾನು ಬೇಡ ಅನ್ನಲ್ಲಪ್ಪ. ನಿನ್ನ ಕೈಗೇ ಕೇಳು" ಎಂದಳು. ಬೈದಿದ್ದರೆ ಎದುರು ಮಾತಾಡಿ ಹೋಗಿಬಿಡುತ್ತಿದ್ದನೋ ಏನೋ. ಬೆಳಿಗ್ಗೆ ಫೋನ್ ಮಾಡಿ, ಬರುವುದಿಲ್ಲ ಎಂದ.

ಆ ಕಡೆಯಿಂದ ಬೈಗುಳದ ಮಳೆ ಸುರಿಯುತ್ತದೆ ಎಂದುಕೊಂಡಿದ್ದ. ತಾಬಿಶ್ ಬೈಯದೆ, "ಸರಿ ಬಿಡು. ನನ್ನ ದೊಡ್ಡಮ್ಮನ ಮಗ ಖಾವರ್‌ನ ಕೂರಿಸ್ತೀನಿ, ನೋಡೋಕೆ ಚೆನ್ನಾಗಿದ್ದಾನೆ. ಒಂದು ದಿನಕ್ಕಷ್ಟೇ. ನಿನ್ನ ಜಾಗ ನಿಂದೇ, ಎಲ್ಲೂ ಹೋಗಲ್ಲ. ನನ್ನ ಮಾತು ಇದು" ಎಂದ. ಆ ಮಾತನ್ನು ಸಿಬ್ತೈನ್ ಎದೆಯಲ್ಲಿಟ್ಟುಕೊಂಡ.

ಎರಡು ತಿಂಗಳು ಎಂಟು ದಿನ ಅವನ ಮನೆಯ ಟೀವಿಗೆ ಮುಸುಕಿತ್ತು. ಊರಿನ ಉಳಿದ ಟೀವಿಗಳಲ್ಲಿ ಮರಳದಂಡೆ, ಹನ್ನೆರಡು ನೀಲಿ ಸೈಕಲ್ಲು, ಹಾರುವ ಕೂದಲಿನ ಖಾವರ್. ಕ್ಯಾಸೆಟ್ಟು ಅಚ್ಚಾಯಿತು; ಮೇಲೆ ಮನೋರಾದ ಚಿತ್ರವೇ, ಒಳಗೆ 'ಡ್ರಮ್: ಖಾವರ್'. ಮೂರನೇ ತಿಂಗಳ ಒಂಬತ್ತನೆಯ ದಿನ ಕಪ್ಪು ಕಳಚುವ ದಿನ. ಸಿಬ್ತೈನ್ ಹಳದಿ ಅಂಗಿ ತೊಟ್ಟು, ಕೋಲುಗಳನ್ನು ಕಂಕುಳಲ್ಲಿಟ್ಟುಕೊಂಡು ಗುಲ್ಶನ್‌ನ ಮೆಟ್ಟಿಲೇರಿದ. ಮೂರನೇ ಮಹಡಿಯಲ್ಲೇ ಮೇಲಿನಿಂದ ಡ್ರಮ್ ಕೇಳಿಸಿತು. ನಿಂತ. ತಾಳ ಮುಂದೋಡುತ್ತಿತ್ತು. ಆಮೇಲೂ ಹತ್ತಿದ.

ತಾಬಿಶ್ ಓಡಿಬಂದು ಅಪ್ಪಿಕೊಂಡ. "ಅರೇ, ಬಂದ್ಯಾ! ಕೇಳಿದ್ಯಾ, ಊರೆಲ್ಲ ನಾವೇ! ಕೂತ್ಕೋ, ಕೂತ್ಕೋ." ಕೂರಲು ತೋರಿಸಿದ್ದು ನೀರಿನ ಟ್ಯಾಂಕಿನ ಕಟ್ಟೆ. "ನೋಡು, ತಪ್ಪು ತಿಳ್ಕೋಬೇಡ. ಜನಕ್ಕೆ ಇವನ ಮುಖ ಗೊತ್ತಾಗಿಬಿಟ್ಟಿದೆ. ಕಾಲೇಜುಗಳಲ್ಲಿ ಹುಡುಗೀರು ಖಾವರ್ ಖಾವರ್ ಅಂತ ಬಡ್ಕೋತಾರೆ. ಇನ್ನೊಂದು ನಾಲ್ಕು ಕಾರ್ಯಕ್ರಮ ಆಗಿಹೋಗ್ಲಿ. ಹೇಗೂ ಟೇಪೇ ಹಾಕೋದು. ಟೇಪಲ್ಲಿ ನೀನೇ ಇದ್ದೀಯಲ್ಲ!"

ಸಿಬ್ತೈನ್ ಚಹಾ ಕುಡಿದು ಕೆಳಗಿಳಿದ. ನನಗೆ ಮೈಯೆಲ್ಲ ಉರಿಯುವುದು ಇಲ್ಲೇ. ಅಯ್ಯಾ ಪುಣ್ಯಾತ್ಮ, ಒಂದು ಕೂಗು ಹಾಕಬಾರದಿತ್ತೇ? ಕೋಲನ್ನೆತ್ತಿ ಆ ಕೂದಲ ರಾಜನ ಕೈಗೊಂದು ಕೊಟ್ಟು, ಏಳೋ ಮೇಲೆ ಎನ್ನಬಾರದಿತ್ತೇ? ಇವನ ವಾದ ಬೇರೆ: ಮಾತು ಕೊಟ್ಟವನು ಅವನು, ನೆನಪಿಟ್ಟುಕೊಳ್ಳಬೇಕಾದವನೂ ಅವನೇ. ತಾನು ಹೋಗಿ ನೆನಪಿಸಿದರೆ ಅದು ಬೇಡಿದ ಹಾಗೆ. ಈ ಒಣ ಬಿಗುಮಾನ ಹಿಡಿದುಕೊಂಡು ಅವನು ಕಾದ.

ನಾಲ್ಕು ಕಾರ್ಯಕ್ರಮ ನಲವತ್ತಾದವು. ಲಾಹೋರ್, ಪಿಂಡಿ, ಆಮೇಲೆ ದುಬೈ. ಎಲ್ಲ ಕಡೆ ಟೇಪು ಹಾಕಿ, ಮುಂದೆ ಕೈಕಾಲು ಆಡಿಸುವುದೇ ಆಗಿನ ಪದ್ಧತಿ. ಯಾರೂ ಅದನ್ನು ಮೋಸ ಎನ್ನುತ್ತಿರಲಿಲ್ಲ. ಎರಡನೇ ಕ್ಯಾಸೆಟ್ಟಿಗೆ ಖಾವರನೇ ಬಾರಿಸಿದ. ಅದು ಮಕಾಡೆ ಮಲಗಿತು. ಹಾಡು ಚೆನ್ನಾಗಿಲ್ಲ ಎಂದರು ಜನ; ಸಿಬ್ತೈನ್ ಮಾತ್ರ ಮನೆಯಲ್ಲಿ ಮೂರು ಸಲ ಕೇಳಿ, ಹಾಡು ಚೆನ್ನಾಗೇ ಇದೆ, ಕೆಳಗೆ ನೆಲವಿಲ್ಲ ಎಂದುಕೊಂಡ. ಆಗಲಾದರೂ ಕರೆದಾರು ಎಂದು ಒಂದು ವಾರ ಫೋನಿನ ಹತ್ತಿರವೇ ಮಲಗಿದ. ಕರೆಯಲಿಲ್ಲ. ತೊಂಬತ್ತೊಂಬತ್ತಕ್ಕೆ ಬ್ಯಾಂಡು ಒಡೆಯಿತು. ತಾಬಿಶ್ ಜಾಹೀರಾತಿಗೆ ಹಾಡು ಕಟ್ಟುವ ಕಚೇರಿ ತೆರೆದು ದೊಡ್ಡ ಮನುಷ್ಯನಾದ. ಉಳಿದ ಇಬ್ಬರು ಎಲ್ಲಿ ಹೋದರೋ. ಖಾವರ್ ಟೈಲ್ಸ್ ಅಂಗಡಿ ಇಟ್ಟ.

ಇತ್ತ ಸಿಬ್ತೈನನ ಅಕ್ಕ ಮದುವೆಯಾಗಿ ಬೇರೆ ಊರಿಗೆ ಹೋದಳು. ಅವನಿಗೂ ಒಂದು ಕಡೆ ಹೆಣ್ಣಿನ ಮಾತಾಗಿತ್ತು. "ಹುಡುಗ ಬ್ಯಾಂಡಿನವನಂತೆ" ಎಂದು ಒಬ್ಬರು ಮೂಗು ಮುರಿದರು. "ಬ್ಯಾಂಡಿನವನೂ ಅಲ್ಲವಂತೆ, ಸುಳ್ಳು ಹೇಳ್ಕೊಂಡು ತಿರುಗ್ತಾನಂತೆ" ಎಂದು ಇನ್ನೊಬ್ಬರು ಕ್ಯಾಸೆಟ್ಟು ತಂದು ತೋರಿಸಿದರು. ಸಂಬಂಧ ಮುರಿಯಿತು; ಅಂದಿನಿಂದ ಅವನು ಡ್ರಮ್ಮಿನ ವಿಷಯ ಯಾರೆದುರೂ ಎತ್ತಲಿಲ್ಲ. ತಾಯಿ ಹೋದ ಮೇಲೆ ಅಂಚೋಲಿಯ ಮೊದಲ ಮಹಡಿಯ ಎರಡು ಕೋಣೆಯಲ್ಲಿ ಒಬ್ಬನೇ. ಬೆಳಿಗ್ಗೆ ಎಂಟಕ್ಕೆ ಅಂಗಡಿ, ನಾಲ್ಕಕ್ಕೆ ಬಿಟ್ಟು ಬಸ್ಸು, ದಾರಿಯಲ್ಲಿ ಎರಡು ರೊಟ್ಟಿ, ಒಂದು ಪೊಟ್ಟಣ ಬೇಳೆ. ಐದಕ್ಕೆ ಬಾಗಿಲು ಹಾಕಿ, ರಜಾಯಿ ಮಡಿಸಿ ಮುಂದಿಟ್ಟುಕೊಂಡು ಅದರ ಮೇಲೆ ಕೋಲಾಡಿಸುತ್ತಿದ್ದ, ಒಂದು ಗಂಟೆ. ಡ್ರಮ್ಮು ಬೀರುವಿನ ಮೇಲೆ ಗಂಟಿನಲ್ಲೇ ಇತ್ತು. ಬಿಚ್ಚಿದರೆ ಯಾರಾದರೂ ಕೇಳಿಸಿಕೊಂಡು ಬಂದು ಯಾರಿದು ಎಂದು ಕೇಳಿಯಾರು, ಹೇಳಬೇಕಾದೀತು. ಕ್ಯಾಸೆಟ್ಟು ಬಂದಂದಿನಿಂದ ಒಟ್ಟು ಇಪ್ಪತ್ತೇಳು ವರ್ಷ ಕಳೆಯಿತು. ಅವನಿಗೆ ಬೇಕಿದ್ದದ್ದು ಒಂದೇ: ತಾಬಿಶ್‌ನ ಬಾಯಿಂದ ನಾಲ್ಕು ಜನರೆದುರು ಅವನ ಹೆಸರು ಒಂದು ಸಲ ಬರಬೇಕು. ಜಾಗದ ಆಸೆ ಎಂದೋ ಬಿಟ್ಟುಹೋಗಿತ್ತು. ಹೆಸರಿನದು ಬಿಟ್ಟಿರಲಿಲ್ಲ.

ಒಂದು ಅಕ್ಟೋಬರ್ ಮಧ್ಯಾಹ್ನ ಅಂಗಡಿಗೆ ಹೊಟ್ಟೆ ಬಂದ, ಕೂದಲಿಗೆ ಬಣ್ಣ ಹಾಕಿದ ಒಬ್ಬ ಗಿರಾಕಿ ಬಂದು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತ. ಸಿಬ್ತೈನ್ ಅಕ್ಷರದ ಹಲಗೆಗೆ ದೀಪ ಹಾಕಿದ.

"ಕೆಳಗಿನ ಸಾಲು ಓದಿ."

"ಕಾಣಲ್ಲ."

"ಅದರ ಮೇಲಿಂದು?"

"ಸಿಬ್ತೈನ್ ಭಾಯಿ, ನಾನು ಕಣ್ಣು ತೋರಿಸೋಕೆ ಬಂದಿಲ್ಲ. ನಾನು ಖಾವರ್."

"ಗೊತ್ತು" ಎಂದ ಸಿಬ್ತೈನ್. "ಆದ್ರೂ ಕಣ್ಣು ಕೆಟ್ಟಿದೆ. ಅದರ ಮೇಲಿಂದು ಓದು."

ಖಾವರ್ ಓದಿದ. ಆಮೇಲೆ ಕುರ್ಚಿಯಿಂದ ಏಳದೆ, ಪರೀಕ್ಷೆಗೆಂದು ಕಣ್ಣಿಗೆ ಹಾಕಿದ್ದ ಭಾರದ ಚೌಕಟ್ಟನ್ನೂ ತೆಗೆಯದೆ, ಹೇಳಿಕೊಂಡ. ಒಂದು ದೊಡ್ಡ ಕಂಪನಿ ಹಳೆಯ ಬ್ಯಾಂಡುಗಳನ್ನು ಮತ್ತೆ ಸೇರಿಸುತ್ತಿದೆ. ಡಿಸೆಂಬರಿನಲ್ಲಿ, ಕ್ಲಿಫ್ಟನ್ ಸಮುದ್ರದಂಡೆಯಲ್ಲಿ. ಹಳೆಯ ಮುಖಗಳೇ ಬೇಕಂತೆ. ಮತ್ತು ಈ ಕಾಲದಲ್ಲಿ ಟೇಪು ಹಾಕುವ ಹಾಗಿಲ್ಲ, ಎಲ್ಲ ಎದುರೇ ಬಾರಿಸಬೇಕು, ನೇರ ಟೀವಿಗೆ ಹೋಗುತ್ತದೆ.

"ನನ್ನ ಕೈಲಿ 'ನೀಲಿ ಸೈಕಲ್' ಆಗಲ್ಲ ಭಾಯಿ. ಯಾವತ್ತೂ ಆಗಿಲ್ಲ. ಮದುವೆ ಮನೇಲಿ ಜನ ಡ್ರಮ್ಮಿನ ಹತ್ರ ದೂಡ್ತಾರೆ, ನಾನು ಕೈನೋವು ಅಂತೀನಿ. ಇಪ್ಪತ್ತೇಳು ವರ್ಷದಿಂದ ಕೈನೋವು! ನನ್ನ ಹೆಂಡ್ತಿ ಮೂರು ಮೂಳೆ ಡಾಕ್ಟರಿಗೆ ತೋರಿಸಿದ್ದಾಳೆ."

ಸಿಬ್ತೈನನಿಗೆ ನಗು ಬಂತು. ತಡೆದುಕೊಂಡ.

"ಕಲಿಸಿಕೊಡಿ. ಯಾವ ಮುಖ ಇಟ್ಕೊಂಡು ಕೇಳ್ತಿದ್ದೀನಿ ಅಂತ ನನಗೇ ಗೊತ್ತಿಲ್ಲ."

ಬೇರೆಯವನಾಗಿದ್ದರೆ ಬಾಗಿಲು ತೋರಿಸುತ್ತಿದ್ದ. ಸಿಬ್ತೈನ್ ಗಾಜೊಂದನ್ನು ಬಟ್ಟೆಯಲ್ಲಿ ಒರೆಸಿದ, ಮತ್ತೆ ಒರೆಸಿದ. ಇಷ್ಟು ವರ್ಷದಲ್ಲಿ ಅದು ಇವನ ಕೈ ಎಂದು ಒಪ್ಪಿಕೊಂಡು ಒಳಗೆ ಬಂದವನು ಇವನೊಬ್ಬನೇ.

"ಒಂದು ಮಾತು ನಡೆಸಿಕೊಡ್ಬೇಕು" ಎಂದ. "ಆವತ್ತು ತಾಬಿಶ್ ಜನದೆದುರು ನನ್ನ ಹೆಸರು ಹೇಳ್ಬೇಕು. ಟೇಪಲ್ಲಿ ಬಾರಿಸಿದ್ದು ಸಿಬ್ತೈನ್ ಅಂತ. ಒಂದೇ ಸಲ ಸಾಕು."

"ನನ್ನ ಮಕ್ಕಳಾಣೆ, ಹೇಳಿಸ್ತೀನಿ."

ಮರುದಿನವೇ ಖಾವರನ ಫೋನ್ ಬಂತು. ತಾಬಿಶ್‌ಗೆ ಹೇಳಿದೆ, ಅವನು "ಹೇಳ್ತೀನಿ, ಯಾಕೆ ಹೇಳಲ್ಲ? ನಮ್ಮ ಸಿಬ್ತೈನೇ ಅಲ್ವಾ" ಎಂದ ಎಂದು. ಆ ಸಂಜೆ ಸಿಬ್ತೈನ್ ಸ್ಟೂಲು ಹತ್ತಿ ಬೀರುವಿನ ಮೇಲಿನ ಗಂಟು ಇಳಿಸಿ ಬಿಚ್ಚಿದ. ತೊಗಲು ಹಳದಿಗಟ್ಟಿತ್ತು. ಎರಡನ್ನು ಬದಲಾಯಿಸಿದ.

ನಲವತ್ತು ದಿನ ಪಾಠ ನಡೆಯಿತು, ಐದರಿಂದ ಸೂರ್ಯ ಮುಳುಗುವಾಗಿನ ಮಗ್ರಿಬ್ ಬಾಂಗಿನವರೆಗೆ. ಮೊದಲ ದಿನವೇ ಮೇಲಿನ ಮನೆಯ ಹಿರಿಯಾಕೆ ಶಕೀಲಾ ಖಾಲಾ ಕಟಕಟೆಯಿಂದ ಬಗ್ಗಿದಳು. "ಸಿಬ್ತೈನ್! ಐವತ್ತು ಆಗ್ತಾ ಬಂತು, ಇದೇನು ಹುಚ್ಚು ಹಿಡೀತೋ ನಿಂಗೆ? ನನ್ನ ಸೊಸೆ ಬಾಣಂತಿ!"

"ಒಂದೇ ಗಂಟೆ ಖಾಲಾ."

"ಒಂದು ಗಂಟೇಲಿ ಜೀವ ಹೋಗುತ್ತೆ!" ಎಂದಳು. ಹತ್ತನೇ ದಿನ ಅವಳೇ ಒಂದು ತಟ್ಟೆ ಪಕೋಡ ಕಳಿಸಿ, ಮಗು ಈ ಸದ್ದಿಗೇ ಮಲಗುತ್ತದೆ, ನಿಲ್ಲಿಸಬೇಡ ಎಂದು ಹೇಳಿ ಕಳಿಸಿದಳು.

ಖಾವರ್ ದಡ್ಡನಲ್ಲ, ಕಲಿಯಲು ಯಾರೂ ಬಿಟ್ಟಿರಲಿಲ್ಲ ಅಷ್ಟೇ. ಮುಖ ಸಾಕು ಎಂದವರ ನಡುವೆ ಕೈ ಹೇಗೆ ಪಳಗೀತು? ಅವನ ಎಡಗೈ ಹಿಂದೆ ಬೀಳುತ್ತಿತ್ತು. ಸಿಬ್ತೈನ್ ಅವನ ಮಣಿಕಟ್ಟು ಹಿಡಿದು, ತನ್ನ ಕೈಯನ್ನೇ ಅದರ ಮೇಲಿಟ್ಟು ಬಾರಿಸಿಸಿದ. "ಬಿಗಿ ಹಿಡೀಬೇಡ. ಕೋಲು ತಾನಾಗೇ ಮೇಲೆ ಬರುತ್ತೆ, ಬರೋಕೆ ಬಿಡು. ಹಾಂ. ಈಗ ನಿನ್ನಷ್ಟಕ್ಕೆ."

ಬಿಡುವಿನಲ್ಲಿ ಖಾವರ್ ಹೆಂಡತಿ ಕಳಿಸಿದ ಶಾಮಿ ಕಬಾಬಿನ ಡಬ್ಬಿ ತೆರೆಯುತ್ತಿದ್ದ. ಮನೋರಾದ ಕಥೆ ಹೇಳುತ್ತಿದ್ದ. "ಬಾಯಿ ತುಂಬ ಮರಳು ಭಾಯಿ. ನಕ್ಕರೆ ಹಲ್ಲಲ್ಲಿ ಕರಕರ. ಕ್ಯಾಮೆರಾದವನು 'ನಗು ನಗು' ಅಂತ ಪ್ರಾಣ ತಿಂತಾನೆ."

"ಟೀವಿ ಚಿತ್ರದಲ್ಲಿ, ಹಾಡಿನ ಎರಡನೇ ಸಾಲಿಗೆ ನಿನ್ನ ಬಲಗೈ ಗಾಳೀಲಿದೆ, ಸದ್ದು ಮಾತ್ರ ಬಿದ್ದಿದೆ" ಎಂದ ಸಿಬ್ತೈನ್.

"ಅಷ್ಟು ಸರಿಯಾಗಿ ನೋಡಿದ್ದೀರಾ?"

"ಎಷ್ಟು ಸಲ ನೋಡಿದ್ದೀನೋ ನನಗೇ ಲೆಕ್ಕ ಇಲ್ಲ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಸಿಬ್ತೈನ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವನ ಮನೆಯಲ್ಲಿ, ತಾಯಿ ಹೋದ ಮೇಲೆ, ಹಾಗೆ ನಗು ಕೇಳಿಸಿಯೇ ಇರಲಿಲ್ಲ. ಅಂದಿನಿಂದ ನಾಲ್ಕಕ್ಕೆ ಅಂಗಡಿ ಬಿಟ್ಟವನು ಬೇಳೆಯ ಪೊಟ್ಟಣದ ಬದಲು ಇಬ್ಬರಿಗಾಗುವಷ್ಟು ಹಾಲು, ಖಾರದ ಬಿಸ್ಕತ್ತು ತರತೊಡಗಿದ. ಬಸ್ಸು ತಡವಾದರೆ ಚಡಪಡಿಸುತ್ತಿದ್ದ. ಗಾಜು ತಿಕ್ಕುವಾಗ ಒಂದು ದಿನ ಗುನುಗಿದ ಎಂದು ಅಂಗಡಿಯ ಯಜಮಾನ ಮೂಗಿನ ಮೇಲೆ ಬೆರಳಿಟ್ಟುಕೊಂಡ.

ಕಾರ್ಯಕ್ರಮದ ದಿನ ಹಳದಿ ಅಲ್ಲದಿದ್ದರೂ ಒಂದು ಹೊಸ ಅಂಗಿ ಹೊಲಿಸಿಕೊಂಡು ಹೋದ. ಖಾವರ್ ಮುಂದಿನ ಸಾಲಿನ ಚೀಟಿ ಕೊಟ್ಟಿದ್ದ. ಸಂಜೆ ಐದು, ಸಮುದ್ರದಿಂದ ತಣ್ಣಗಿನ ಗಾಳಿ, ನಲವತ್ತು ದಾಟಿದ ಹೆಂಗಸರು ಗಂಡಸರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ವೇದಿಕೆಯ ಪಕ್ಕದಲ್ಲಿ ತಾಬಿಶ್ ಸಿಕ್ಕಿದ. ಗಡ್ಡ ಬೆಳ್ಳಗಾಗಿತ್ತು. ಎರಡೂ ತೋಳಲ್ಲಿ ಅಪ್ಪಿಕೊಂಡು, "ಸಿಬ್ತೈನ್! ಇನ್ನೂ ಅದೇ ಕನ್ನಡಕ ಏನೋ! ಖಾವರ್ ಎಲ್ಲ ಹೇಳಿದ್ದಾನೆ. ಕೂತ್ಕೋ, ಕೂತ್ಕೋ" ಎಂದ. ಸಿಬ್ತೈನ್ ತಲೆಯಾಡಿಸಿ ಮುಂದಿನ ಸಾಲಿಗೆ ಹೋಗಿ ಕೂತ.

ಖಾವರ್ ಚೆನ್ನಾಗಿ ಬಾರಿಸಿದ. ನಿಜಕ್ಕೂ ಚೆನ್ನಾಗಿ. 'ನೀಲಿ ಸೈಕಲ್' ಬಂದಾಗ ಸಿಬ್ತೈನ್ ಕಣ್ಣು ಮುಚ್ಚಿಕೊಂಡ. ಮುಚ್ಚಿದರೆ ಬಾರಿಸುತ್ತಿರುವುದು ತಾನೇ. ಎಡಗೈ ಒಂದೇ ಒಂದು ಕಡೆ ಕೂದಲೆಳೆಯಷ್ಟು ಹಿಂದೆ ಬಿತ್ತು. ನಾಳೆ ಹೇಳಬೇಕು ಎಂದುಕೊಂಡ. ಜನ ಎದ್ದು ನಿಂತು ಕೂಗಿದರು.

ನಿರೂಪಣೆಯ ಹುಡುಗಿ ಮೈಕು ಹಿಡಿದು ಬಂದಳು. "ತಾಬಿಶ್ ಸಾಹೇಬ್ರೇ, ಒಂದು ಹಳೇ ಜಗಳ ಇವತ್ತು ತೀರ್ಸಿಬಿಡಿ. ಕ್ಯಾಸೆಟ್ಟಲ್ಲಿ ಆ ಡ್ರಮ್ ಬಾರಿಸಿದ್ದು ಖಾವರ್ ಅಲ್ವೇ ಅಲ್ಲ ಅಂತ ಅಭಿಮಾನಿಗಳು ಅಂತರ್ಜಾಲದಲ್ಲಿ ಕಚ್ಚಾಡ್ತಿದ್ದಾರೆ. ನಿಜ ಹೇಳಿ!"

ಸಿಬ್ತೈನ್ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಕರೆದರೆ ಮೇಲೆ ಹೋಗಬೇಕಾದೀತು.

ತಾಬಿಶ್ ನಕ್ಕ. ಮುಂದಿನ ಸಾಲಿನತ್ತ ಒಂದು ಕ್ಷಣ ನೋಡಿದ. ಆಮೇಲೆ ಸಾವಿರಾರು ಜನರನ್ನು ನೋಡಿದ. ಸಿಬ್ತೈನನ ಹೆಸರು ಹೇಳಿದರೆ ಅವನ ಜಾಗಕ್ಕೆ ಇನ್ನೊಬ್ಬನ ಹೆಸರು ಅಚ್ಚು ಹಾಕಿಸಿದ್ದು ಹೊರಬೀಳಬೇಕು, ಯಾಕೆ, ಹೇಗೆ ಎಂದು ಹತ್ತು ಪ್ರಶ್ನೆ ಏಳಬೇಕು. ಅವನು ಹೂವೆತ್ತಿದಷ್ಟು ಹಗುರವಾಗಿ ಹೇಳಿಬಿಟ್ಟ. "ಸಿಕ್ಕಿಬಿದ್ವಿ ಬಿಡಿ! ಅದು ಖಾವರ್ ಅಲ್ಲ. ಮಷೀನು. ಆಗೆಲ್ಲ ಮಷೀನಲ್ಲೇ ಮಾಡ್ತಿದ್ವಿ. ಅಷ್ಟು ಒಂದೇ ಸಮ ಮನುಷ್ಯರ ಕೈಲಿ ಬಾರಿಸೋಕಾಗುತ್ತಾ?"

ಜನ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಪಕ್ಕದ ಕುರ್ಚಿಯವನು ಸಿಬ್ತೈನನ ಮೊಣಕೈ ತಿವಿದು, "ನಾನು ಮೊದ್ಲಿಂದಲೂ ಹೇಳ್ತಿದ್ದೆ, ಮಷೀನೇ ಅಂತ" ಎಂದ. ಸಿಬ್ತೈನ್ ವೇದಿಕೆಯ ಹಿಂಭಾಗ ನೋಡಿದ. ಖಾವರ್ ಅವನನ್ನೇ ನೋಡುತ್ತಿದ್ದ, ಮುಖ ಬಿಳಿಚಿಕೊಂಡಿತ್ತು, ಎದುರಿಗೇ ಮೈಕಿತ್ತು. ಬಾಯಿ ತೆರೆದ. ಮುಚ್ಚಿದ. ತಲೆ ತಗ್ಗಿಸಿ ಮುಂದಿನ ಹಾಡಿಗೆ ಕೋಲು ಕೋಲಿಗೆ ತಟ್ಟಿ ನಾಲ್ಕು ಎಣಿಸಿದ.

ಸಿಬ್ತೈನ್ ಹಾಡು ಮುಗಿಯುವವರೆಗೆ ಕೂತಿದ್ದು, ಎದ್ದು, ರಿಕ್ಷಾ ಹಿಡಿದು ಮನೆಗೆ ಬಂದ. ರಿಕ್ಷಾದವನೂ ಅದೇ ಹಾಡು ಹಾಕಿದ್ದ. ಜಾಗ ಹೋಗಿತ್ತು, ಮುಖ ಹೋಗಿತ್ತು. ಟೇಪಿನಲ್ಲಿರುವುದು ಒಬ್ಬ ಮನುಷ್ಯ ಎನ್ನುವುದಾದರೂ ಉಳಿದಿತ್ತು. ಈಗ ಅದೂ ಇಲ್ಲ. ತಾಬಿಶ್‌ನ ಮೇಲೆ ಸಿಟ್ಟು ಬರಲಿ ಎಂದು ಕಾದ. ಬರಲಿಲ್ಲ. ಅಷ್ಟು ವರ್ಷ ಕಾದ ತನ್ನ ಮೇಲೆಯೇ ನಾಚಿಕೆಯಾಯಿತು.

ಮರುದಿನ ಐದಕ್ಕೆ ಖಾವರ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಶಕೀಲಾ ಖಾಲಾ ಮೇಲಿಂದ ಬಗ್ಗಿ, "ಯಾಕೋ, ನಿಲ್ಲಿಸಿಬಿಟ್ರಾ? ಮಗು ರಚ್ಚೆ ಹಿಡಿದಿದೆ" ಎಂದಳು. "ಬರ್ತಾನೆ ಖಾಲಾ, ಕೆಲಸ ಇರ್ಬೇಕು" ಎಂದ. ಹಾಲು ಎರಡು ಸಲ ಒಡೆಯಿತು.

ನಾಲ್ಕನೇ ದಿನ ತಾನೇ ಫೋನ್ ಮಾಡಿದ. ಏನು ಹೇಳಬೇಕೆಂದು ಬೆಳಗಿನಿಂದ ಗಾಜು ತಿಕ್ಕುತ್ತಾ ಜೋಡಿಸಿಕೊಂಡಿದ್ದ. ಎದುರಿಗೇ ಮೈಕಿತ್ತಲ್ಲೋ, ಒಂದು ಮಾತು ಬಾಯಿಬಿಡೋಕೆ ಏನಾಗಿತ್ತೋ ನಿಂಗೆ, ಮಕ್ಕಳ ಮೇಲೆ ಆಣೆ ಇಟ್ಟಿದ್ಯಲ್ಲೋ. ಖಾರವಾದ, ನ್ಯಾಯವಾದ ಮಾತುಗಳು. ಜೀವನದಲ್ಲಿ ಮೊದಲ ಸಲ ಕೂಗಾಡಲು ಸಿದ್ಧನಾಗಿದ್ದ.

"ಸಿಬ್ತೈನ್ ಭಾಯಿ" ಎಂದಿತು ಆ ಕಡೆಯ ದನಿ. "ನಾನೇ ಮಾಡ್ಬೇಕು ಅಂತಿದ್ದೆ. ಧೈರ್ಯ ಆಗ್ಲಿಲ್ಲ. ನನ್ನ ಕ್ಷಮಿಸಿಬಿಡಿ. ನಾಲಿಗೆ ಏಳಲಿಲ್ಲ."

ಸಿಬ್ತೈನನ ಬಾಯಿಂದ ಬಂದದ್ದೇ ಬೇರೆ. "ಬಿಡು, ಆಗಿದ್ದು ಆಗಿಹೋಯ್ತು. ಮಷೀನು ಅಂದ್ನಲ್ಲ, ಅಂದ್ಕೊಳ್ಳಲಿ. ಆ ಮಾತು ನಾನು ಇನ್ನು ಎತ್ತಲ್ಲ, ನಿನ್ನಾಣೆ. ನೀನೂ ಎತ್ಬೇಡ. ನಿನ್ನ ಎಡಗೈ ಇನ್ನೂ ಸ್ವಲ್ಪ ಹಿಂದೆ ಬೀಳ್ತಿದೆ, ಆವತ್ತು ಗಮನಿಸಿದೆ. ನಾಳೆ ಐದಕ್ಕೆ ಬಾ, ಸರಿ ಮಾಡೋಣ."

ಫೋನಿನಲ್ಲಿ ಟೈಲ್ಸ್ ಅಂಗಡಿಯ ಗದ್ದಲ ಕೇಳಿಸಿತು. ಯಾರೋ ಬಚ್ಚಲುಮನೆಯ ಅಳತೆ ಕೂಗುತ್ತಿದ್ದರು. ಖಾವರನ ದನಿ ಸಡಿಲವಾಯಿತು. ಕ್ಷಮೆ ಸಿಕ್ಕ ಖುಷಿಗೆ ಅವನು ನಕ್ಕ; ಪಾಪ, ಒಳ್ಳೆಯ ಮನಸ್ಸಿನಿಂದಲೇ ನಕ್ಕ.

"ಇನ್ನ್ಯಾಕೆ ಭಾಯಿ ಎಡಗೈ? ಕಾರ್ಯಕ್ರಮ ಮುಗೀತಲ್ಲ!"

"ಹೌದಲ್ಲ" ಎಂದ ಸಿಬ್ತೈನ್. "ಮುಗೀತು."

ಆಮೇಲೆ ಹೆಂಡತಿ ಮಕ್ಕಳು ಚೆನ್ನಾಗಿದ್ದಾರಾ ಎಂದು ಕೇಳಿದ. ಚೆನ್ನಾಗಿದ್ದಾರೆ ಎಂದ ಖಾವರ್. ಆವತ್ತು ಕಣ್ಣು ನೋಡಿ ಬರೆದಿಟ್ಟುಕೊಂಡಿದ್ದ ನಿನ್ನ ಕನ್ನಡಕ ಸಿದ್ಧವಾಗಿದೆ, ಯಾರನ್ನಾದರೂ ಕಳಿಸಿದರೆ ಕೊಟ್ಟು ಕಳಿಸುತ್ತೇನೆ ಎಂದು ಹೇಳಿ ಸಿಬ್ತೈನ್ ಫೋನ್ ಇಟ್ಟ.